ಬಂದದ್ದು ಇವತ್ತು, ಹಾಕುವುದು ನಾಳೆ

ಅವರು ತೀರಿಕೊಂಡು ಹದಿನೈದು ದಿನವೂ ಆಗಿರಲಿಲ್ಲ, ಸಂಘದಿಂದ ಫೋನ್ ಬಂತು. ನೇಕಾರರ ಸಂಘದ ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ಒಂದು ಪುಟ ಬರೆದುಕೊಡಬೇಕಂತೆ. ತಲೆಬರಹವನ್ನು ಸಂಘದವರೇ ಗೊತ್ತು ಮಾಡಿಟ್ಟಿದ್ದರು: 'ಗಣಕೀಕರಣದ ಹರಿಕಾರ'. "ಅವರ ಚುರುಕುತನದ ಬಗ್ಗೆ ನಾಲ್ಕು ಮಾತು ಬರೀರಿ ಸಾರ್. ಆ ಮೆಮೊ ಗಿಮೊ ವಿಷಯ ಒಂದು ಬೇಡ," ಎಂದ ಆ ಕಡೆಯ ಗುಮಾಸ್ತ. ನಾನು ಫೋನ್ ಇಟ್ಟೆ.

ಚುರುಕುತನವಂತೆ! ನಾನು ಕಂಡವರಲ್ಲೆಲ್ಲ ಅವರಷ್ಟು ನಿಧಾನದ ಮನುಷ್ಯ ಇನ್ನೊಬ್ಬರಿಲ್ಲ. ಸಹಿ ಮಾಡಿದರೆ ಶಾಯಿ ಆರುವವರೆಗೆ ಊದುತ್ತಾ ಕೂರುತ್ತಿದ್ದರು. ಬಾಲ್ ಪೆನ್ನಿನ ಸಹಿಯನ್ನೂ ಊದುತ್ತಿದ್ದರು. ಕೀಬೋರ್ಡ್ ಮುಟ್ಟುವ ಮುಂಚೆ ಕೈ ತೊಳೆದು, ಪಂಚೆಯ ಅಂಚಿಗೆ ಒರೆಸಿಕೊಂಡು, ಒಂದೇ ಬೆರಳಲ್ಲಿ ಅಕ್ಷರ ಹುಡುಕುತ್ತಿದ್ದರು. ಏನು ಕೇಳಿದರೂ "ನಾಳಿಕೆ ನೋಡನ" ಎನ್ನುತ್ತಿದ್ದುದರಿಂದ ಮೊಳಕಾಲ್ಮೂರಿನ ನೇಕಾರರು ಅವರಿಗೆ 'ನಾಳೆಪ್ಪ' ಎಂದು ಹೆಸರಿಟ್ಟಿದ್ದರು. ಹರಿಕಾರ ಎಂದು ಕರೆದಿದ್ದರೆ ಅವರೇ ಹಿಂದೆ ತಿರುಗಿ, ಯಾರನ್ನು ಕರೆಯುತ್ತಿದ್ದಾರೆ ಎಂದು ನೋಡುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷ ಆಗಿದ್ದಿರಬೇಕು. ನಾನು ಚಳ್ಳಕೆರೆಯ ಮುಖ್ಯ ಕಚೇರಿಯಲ್ಲಿ ಕಂಪ್ಯೂಟರಿನವನು. ಅವರು ಮೊಳಕಾಲ್ಮೂರು ಶಾಖೆಯ ಮೇಲ್ವಿಚಾರಕರು. ನೇಕಾರರ ಮನೆಯಲ್ಲೇ ಹುಟ್ಟಿ ಬೆಳೆದವರು. ಸೀರೆ ಕೈಗೆ ಕೊಟ್ಟರೆ ಮೊದಲು ಮಗುಚಿ ಹಿಂಬದಿ ನೋಡುತ್ತಿದ್ದರು. ನಾನೋ ಡಿಪ್ಲೊಮಾ ಮುಗಿಸಿ ಬಂದ ಹೊಸಬ. ಎರಡು ಊರಿನ ಎರಡು ಕಂಪ್ಯೂಟರಿನಲ್ಲಿ ಒಂದೇ ಸದಸ್ಯರ ಪಟ್ಟಿ ಇರಬೇಕು, ಚಳ್ಳಕೆರೆಯಲ್ಲಿ ಒಂದು ಹೆಸರು ತಿದ್ದಿದರೆ ಅದು ಮೊಳಕಾಲ್ಮೂರಿನಲ್ಲೂ ಆಗಲೇ ತಿದ್ದಿರಬೇಕು ಎಂದು ಕನಸು ಕಂಡವನು. ಅದಕ್ಕಾಗಿ ಒಂದು ಏರ್ಪಾಟು ಮಾಡಿದ್ದೆ. ದಿನದಲ್ಲಿ ಆದ ಬದಲಾವಣೆಯೆಲ್ಲ ಒಂದು ಫೈಲಿನಲ್ಲಿ ಕೂಡಿಕೊಂಡು, ಸಂಜೆ ಫೋನ್ ಲೈನಿನ ಮೂಲಕ ಮೊಳಕಾಲ್ಮೂರಿಗೆ ಹೋಗಿ, ತಾನಾಗಿಯೇ ಅಲ್ಲಿನ ಪಟ್ಟಿಗೆ ಸೇರಿಕೊಳ್ಳುತ್ತಿತ್ತು. ಅದನ್ನು ತೋರಿಸಲು ಹೋದಾಗ ನನಗೆ ಶಹಬ್ಬಾಸ್ ಬೇಕಿತ್ತು.

ಅವರು ಕನ್ನಡಕದ ದಾರ ಸರಿಮಾಡಿಕೊಂಡು ಕೇಳಿದರು: "ಅಲ್ಲಾ ತಿಪ್ಪೇಶಿ, ನೀನು ಅಲ್ಲಿ ತಪ್ಪು ಮಾಡಿದ್ರೆ?"

"ಅದೂ ಬರುತ್ತೆ ಸಾರ್. ಎಲ್ಲಾ ಬರುತ್ತೆ."

"ಅದೂ ಬರ್ತೈತಾ? ಎರಡೂ ಕಡೆ ಒಂದೇ ತಪ್ಪು ಕುಂತಿದ್ರೆ, ಅದು ತಪ್ಪು ಅಂತ ಹೇಳೋರ್ ಯಾರಪ್ಪ?"

ನನಗೆ ಮೈಯೆಲ್ಲ ಉರಿಯಿತು. ತಿಂಗಳುಗಟ್ಟಲೆ ಕೂತು ಮಾಡಿದ್ದನ್ನು ಈ ಮನುಷ್ಯ ಒಂದು ಮಾತಿನಲ್ಲಿ ತೆಗೆದುಹಾಕುತ್ತಿದ್ದಾರೆ! ಬಂದ ಬದಲಾವಣೆ ಪಟ್ಟಿಗೆ ಸೇರುವ ಮುಂಚೆ ಅವರಿಗೆ ಮೂರು ದಿನ ತಡ ಬೇಕಿತ್ತು, ನನಗೆ ಒಂದು ನಿಮಿಷವೂ ಬೇಡ. ಮಂಡಕ್ಕಿ ಮೆಣಸಿನಕಾಯಿ ತರಿಸಿ ಎದುರಿಗಿಟ್ಟುಕೊಂಡು ಮಧ್ಯಾಹ್ನವಿಡೀ ಜಗಳವಾಡಿದೆವು. ತಡ ಹೆಚ್ಚಾದಷ್ಟೂ ಕೌಂಟರಿಗೆ ಬಂದವರಿಗೆ ಹಳೆಯ ಪಟ್ಟಿ ತೋರಿಸಬೇಕಾಗುತ್ತದೆ ಎಂದೆ. ತಡ ಕಡಿಮೆಯಾದಷ್ಟೂ ತಪ್ಪು ಹಿಡಿಯಲು ಹೊತ್ತು ಸಿಗುವುದಿಲ್ಲ ಎಂದರು. ಚಳ್ಳಕೆರೆಯ ಕಂಪ್ಯೂಟರ್ ಸುಟ್ಟುಹೋದರೆ ನಿಮ್ಮ ತಡದಿಂದ ಅಷ್ಟು ದಿನದ ಕೆಲಸ ಮಣ್ಣುಪಾಲು ಎಂದು ಹೆದರಿಸಿದೆ. ಅದಕ್ಕೆ ಅವರು ಹೇಳಿದರು: "ತರಿಸ್ಕೊಳ್ಳೋದು ಇವತ್ತೇ ತರಿಸ್ಕಂತೀನಿ ಕಣೋ. ಫೈಲು ನನ್ ಹತ್ರ ಬಿದ್ದಿರ್ತೈತೆ. ಪಟ್ಟಿಗೆ ಹಾಕೋದು ಮಾತ್ರ ನಾಳಿಕೆ. ಓದಿ ಹಾಕ್ತೀನಿ."

ಕಂಪ್ಯೂಟರ್ ಕಲಿಯದ ಮನುಷ್ಯ. ನನ್ನ ಪುಸ್ತಕಗಳಲ್ಲಿ ಇಲ್ಲದಿದ್ದ ವಿಷಯವನ್ನು ಮೆಣಸಿನಕಾಯಿಯ ತೊಟ್ಟು ಕಿತ್ತು ಎಸೆಯುತ್ತಾ ಹೇಳಿದರು. ಹೊಗಳುವುದು ಬಿಟ್ಟು ನಾನು ಇನ್ನಷ್ಟು ಸಿಡಿಮಿಡಿಗೊಂಡೆ. ಶಾಖೆಗೆ ಎರಡು ಕಂಪ್ಯೂಟರ್ ಕೊಡಿಸಿ, ಒಂದು ತಾಜಾ ಪಟ್ಟಿಗೆ, ಇನ್ನೊಂದು ತಡದ ಪಟ್ಟಿಗೆ ಎಂದು ಸಂಘದ ಕಾರ್ಯದರ್ಶಿಯನ್ನು ಕೇಳಿದರೆ, ಇರುವುದನ್ನೇ ಒರೆಸಿ ಇಟ್ಟುಕೊಳ್ಳಿ ಎಂಬ ಉತ್ತರ ಬಂತು. ಕೊನೆಗೆ ಒಂದು ದಿನದ ತಡಕ್ಕೆ ಒಪ್ಪಿದೆ. ಕಾರ್ಯದರ್ಶಿ ಬಾಯಿಮಾತಿನಲ್ಲಿ "ಏನಾದ್ರೂ ಮಾಡ್ಕಳ್ರಿ" ಎಂದರು. ಬರವಣಿಗೆಯಲ್ಲಿ ಯಾರೂ ಏನೂ ಕೇಳಲಿಲ್ಲ, ಕೊಡಲೂ ಇಲ್ಲ.

ಆಮೇಲೆ ಅವರ ದಿನಚರಿ ಶುರುವಾಯಿತು. ಬೆಳಿಗ್ಗೆ ಬಂದು, ಹಿಂದಿನ ಸಂಜೆ ಬಂದ ಫೈಲನ್ನು ಕರಕರ ಪ್ರಿಂಟ್ ಮಾಡಿ, ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದರು. "ಸೇರಿಸು, ಓಬಮ್ಮ ಕೋಂ ಪಾಲಯ್ಯ, ಕೊಂಡ್ಲಹಳ್ಳಿ." ಕೆಂಪು ಪೆನ್ನಿನಲ್ಲಿ ಒಂದು ಟಿಕ್. ಕೇಳುವವರು ಯಾರೂ ಇಲ್ಲದಿದ್ದರೂ ಓದುತ್ತಿದ್ದರು. ಮನಸ್ಸಿನಲ್ಲಿ ಓದಿದರೆ ಆಗದೇ ಎಂದರೆ, "ಕಣ್ಣು ಜಿಗೀತೈತೆ, ನಾಲಿಗೆ ಜಿಗಿಯಲ್ಲ" ಎಂದರು. ಸಂಜೆ ಅದು ತಾನಾಗಿಯೇ ಪಟ್ಟಿಗೆ ಹೋಗುತ್ತಿತ್ತು.

ಅವರ ತಡದಿಂದ ಯಾರಿಗೂ ನೋವಾಗಲಿಲ್ಲ ಎಂದು ಬರೆದರೆ ನಾನೂ ಸಂಚಿಕೆಯವರ ಸಾಲಿಗೆ ಸೇರುತ್ತೇನೆ. ಕೊಂಡ್ಲಹಳ್ಳಿಯ ಒಬ್ಬ ಹೆಣ್ಣುಮಗಳು ಗಂಡ ಸತ್ತ ಮೇಲೆ ಚಳ್ಳಕೆರೆಗೆ ಬಂದು ಸದಸ್ಯತ್ವ ತನ್ನ ಹೆಸರಿಗೆ ಮಾಡಿಸಿಕೊಂಡಳು. ಮಾರನೆಯ ದಿನ ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲು ಹಂಚುತ್ತಿದ್ದರು. ಪಟ್ಟಿಯಲ್ಲಿ ಇನ್ನೂ ಸತ್ತವನ ಹೆಸರೇ ಇತ್ತು. ಕೌಂಟರಿನವರು ನಾಳೆ ಬಾರಮ್ಮ ಎಂದು ಕಳಿಸಿದರು. ನಾಳೆ ಬಂದರೆ ನೂಲು ಖಾಲಿ. ಆ ತಿಂಗಳು ಅವಳ ಮಗ್ಗ ಸುಮ್ಮನೆ ನಿಂತಿತು. ವಿಷಯ ತಿಳಿದಾಗ ನಾನು ಫೋನಿನಲ್ಲಿ ಕೂಗಾಡಿದೆ. "ನಿಮ್ಮ ಹಟಕ್ಕೆ ಆಯಮ್ಮ ಉಪವಾಸ ಇರಬೇಕಾ ಸಾರ್?" ಎಂದೆ.

ಅವರು ಆಯಮ್ಮನ ಹೆಸರು ಕೇಳಿ ಬರೆದುಕೊಂಡರು. ಆಮೇಲೆ, "ತಪ್ಪಾತು ಕಣಪ್ಪ. ದೊಡ್ ತಪ್ಪು. ಆದ್ರೆ ತಡ ಬಿಡಲ್ಲ. ಬೇರೆ ದಾರಿ ಹುಡುಕ್ತೀನಿ," ಎಂದರು. ಮಾರನೆಯ ದಿನದಿಂದ ಕೌಂಟರಿನ ಪಕ್ಕ ಗೋಡೆಗೆ ಒಂದು ಮೊಳೆ ಬಂತು. ಇನ್ನೂ ಪಟ್ಟಿ ಸೇರದೆ ಕಾದಿರುವ ಫೈಲಿನ ಪ್ರಿಂಟು ಅದಕ್ಕೆ ತೂಗಿರುತ್ತಿತ್ತು. ಹೆಸರು ಪಟ್ಟಿಯಲ್ಲಿ ಇಲ್ಲವೆಂದರೆ ಮೊಳೆಯ ಹಾಳೆ ನೋಡದೆ ಯಾರನ್ನೂ ವಾಪಸ್ ಕಳಿಸುವಂತಿಲ್ಲ. ಮೊಳೆಗೂ ನಾನು ನಕ್ಕೆ, ಕಂಪ್ಯೂಟರ್ ಯುಗದಲ್ಲಿ ಮೊಳೆ ಎಂದು ಚಳ್ಳಕೆರೆಯ ಕಚೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಆದರೆ ಅದಾದ ಮೇಲೆ ಆ ಕೌಂಟರಿನಿಂದ ತಡದ ಕಾರಣಕ್ಕೆ ಯಾರೂ ಬರಿಗೈಯಲ್ಲಿ ಹೋದದ್ದನ್ನು ನಾನು ಕೇಳಲಿಲ್ಲ.

ಇನ್ನೊಂದು ವಿಷಯಕ್ಕೂ ನಕ್ಕಿದ್ದೆ. ಅವರ ಹಳೆಯ ರಿಜಿಸ್ಟರಿನಲ್ಲಿ ಪ್ರತಿ ಹೆಸರಿನ ಮುಂದೆ ಒಂದು ಅಡ್ಡಹೆಸರು ಇರುತ್ತಿತ್ತು. ರೇಡಿಯೋ ಬೋರಯ್ಯ, ಬೀಡಿ ಬೋರಯ್ಯ, ಮೇಲ್ಮನೆ ಬೋರಯ್ಯ. ಕಂಪ್ಯೂಟರಿನಲ್ಲೂ ಅದಕ್ಕೊಂದು ಕಾಲಂ ಮಾಡಿಕೊಡು ಎಂದು ಕೇಳಿದರು. "ಸರ್ಕಾರಕ್ಕೆ ಹೋಗೋ ಪಟ್ಟಿಯಲ್ಲಿ ಬೀಡಿ ಬೋರಯ್ಯ ಅಂತ ಬರೆಯೋಕಾಗುತ್ತಾ ಸಾರ್?" ಎಂದು ತಳ್ಳಿಹಾಕಿದೆ. ನಾನು ಈ ನೆಲದವನೇ. ನಮ್ಮ ಕಡೆ ಊರಿಗೆ ಊರೇ ಒಂದು ಮನೆದೇವರಿಗೆ ನಡೆದುಕೊಳ್ಳುತ್ತದೆ, ಹುಟ್ಟಿದವರಿಗೆಲ್ಲ ಅದೇ ಹೆಸರು. ನನ್ನ ಶಾಲೆಯ ಹಾಜರಿಯಲ್ಲಿ ನಾಲ್ಕು ಜನ ತಿಪ್ಪೇಸ್ವಾಮಿಗಳಿದ್ದೆವು, ನಾನು ಮೂರನೆಯವನು. ಒಂದೇ ಹೆಸರಿನವರನ್ನು ಬೇರ್ಪಡಿಸುವುದು ಅಡ್ಡಹೆಸರೊಂದೇ ಎಂದು ಬೇರೆ ಊರಿಂದ ಬಂದವನಿಗೆ ಹೊಳೆಯದಿದ್ದರೆ ಕ್ಷಮಿಸಬಹುದು. ನನಗೆ ಹೊಳೆಯಲಿಲ್ಲವಲ್ಲ, ಅದಕ್ಕೆ ಇವತ್ತಿಗೂ ನನಗೆ ಕ್ಷಮೆಯಿಲ್ಲ.

ಮಗ್ಗ ಹೂಡಲು ಜಾಗವಿರುವ ಮನೆಗಳನ್ನು ನೇಕಾರರಿಗೆ ಕೊಡುವ ಯೋಜನೆ ಬಂತು. ಸಂಘದ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮನೆ, ಇಲ್ಲದವರಿಗೆ ಇಲ್ಲ. ಪಟ್ಟಿ ಶನಿವಾರ ಹೋಗಬೇಕು. ಹಾಸಿನ ಉದ್ದ ನೂಲು ಚಾಚಲು ಜಾಗವಿಲ್ಲದೆ ಬೀದಿಯಲ್ಲಿ ಅದನ್ನು ಎಳೆದು ಹಿಡಿದು, ಮಗ್ಗದ ಗುಂಡಿಯ ಪಕ್ಕದಲ್ಲೇ ಉಂಡು ಮಲಗುತ್ತಿದ್ದ ಸಂಸಾರಗಳಿಗೆ ಅದು ಎಂಥ ವಿಷಯವೆಂದು ಬಿಡಿಸಿ ಹೇಳಬೇಕಿಲ್ಲ. ಗುರುವಾರ ಮಧ್ಯಾಹ್ನ ಕಾರ್ಯದರ್ಶಿ ನನ್ನನ್ನು ಕರೆದು, "ಏನ್ರಿ ಇದು, ಒಂದೇ ಹೆಸ್ರು ನಾಕ್ ನಾಕ್ ಸಲ ಐತೆ? ಮೇಲಿನೋರು ನಗ್ತಾರೆ. ಕ್ಲೀನ್ ಮಾಡ್ರಿ," ಎಂದರು. ಹೆಸರು, ತಂದೆಯ ಹೆಸರು, ಊರು ಮೂರೂ ಒಂದೇ ಇದ್ದರೆ ಒಂದನ್ನು ಉಳಿಸಿ ಉಳಿದದ್ದನ್ನು ಅಳಿಸುವಂತೆ ಒಂದು ಸಾಲಿನ ಆಜ್ಞೆ ಬರೆದು ಗುಂಡಿ ಒತ್ತಿದೆ. ಇನ್ನೂರು ಚಿಲ್ಲರೆ ಹೆಸರು ಹೋದವು. ಶುದ್ಧವಾದ ಪಟ್ಟಿ ಎಂಬ ಹೆಮ್ಮೆಯಲ್ಲಿ, ನನ್ನ ಹತ್ತಿರವಿದ್ದ ಒಂದೇ ಹಳೆಯ ಪ್ರತಿಯ ಮೇಲೂ ಹೊಸದನ್ನೇ ಬರೆದಿಟ್ಟೆ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಫೋನ್. "ತಿಪ್ಪೇಶಿ, ಫೈಲು ದಪ್ಪ ಐತಲ್ಲೋ. 'ತೆಗೆ, ತೆಗೆ' ಅಂತ ಓದಿ ಓದಿ ನಾಲಿಗೆ ಒಣಗ್ತು. ರೇಡಿಯೋ ಬೋರಯ್ಯನ್ನ ಯಾಕೆ ತೆಗ್ದೆ? ನಿನ್ನೆ ತಾನೇ ಮಾತಾಡಿಸ್ದೆ, ಜೀವ ಐತೆ."

"ಎರಡು ಸಲ ಇತ್ತು ಸಾರ್..."

"ಎರಡು ಸಲ ಇಲ್ಲ ಕಣೋ. ಇಬ್ರು ಅವ್ರೆ."

ಅವರು ಬೈಯಲಿಲ್ಲ. "ಇಲ್ಲಿ ಬುಧವಾರದ ಪಟ್ಟಿ ಇನ್ನೂ ಹಂಗೇ ಐತೆ. ಸಂಜಿಗೆ ತಾನಾಗೇ ಹಾಕ್ಕಂತೈತಲ್ಲ, ಅದನ್ನ ಹೆಂಗ್ ನಿಲ್ಸೋದು ಹೇಳು. ಆಮ್ಯಾಲೆ ಬಸ್ ಹತ್ತು," ಎಂದರು. ನನ್ನ ಇಚ್ಛೆಯಂತೆ ತಕ್ಷಣ ಪ್ರತಿಯಾಗುವ ಏರ್ಪಾಟು ಇದ್ದಿದ್ದರೆ ಆ ಇನ್ನೂರು ಸಂಸಾರ ಎರಡೂ ಊರಿನಲ್ಲಿ ಗುರುವಾರವೇ ಇಲ್ಲವಾಗಿರುತ್ತಿತ್ತು. ದಾರಿಯಲ್ಲಿನ ತಳಕು ಊರು ದಾಟುವವರೆಗೂ ಬಸ್ಸಿನಲ್ಲಿ ಇದೊಂದೇ ಯೋಚನೆ.

ಮೊಳಕಾಲ್ಮೂರಿನಲ್ಲಿ ಅವರು ರಿಜಿಸ್ಟರ್ ಬಿಚ್ಚಿಟ್ಟುಕೊಂಡು ಕೂತಿದ್ದರು. ಫೈಲನ್ನು ಇಡಿಯಾಗಿ ಬಿಸಾಕುವಂತಿಲ್ಲ. ಗುರುವಾರ ನಿಜವಾಗಿ ಸೇರಿಸಿದ, ತಿದ್ದಿದ ಹೆಸರುಗಳೂ ಅದರಲ್ಲೇ ಇದ್ದವು. ಇಡಿಯಾಗಿ ಹಾಕುವಂತೆಯೂ ಇಲ್ಲ. ಕೆಲವರು ನಿಜಕ್ಕೂ ಎರಡು ಸಲ ಬಂದಿದ್ದರು. ಒಂದೊಂದೇ ಸಾಲು ಓದಿ, ಅಡ್ಡಹೆಸರು ನೋಡಿ, ಇದು ಇರಲಿ, ಇದು ಬೇಡ ಎಂದು ಬೇರ್ಪಡಿಸಬೇಕು. ಅವರು ಓದಿದರು, ನಾನು ರಿಜಿಸ್ಟರ್ ಹುಡುಕಿದೆ. "ಇವ್ರಿಬ್ರೂ ಬ್ಯಾರೆ. ಒಬ್ಬಂಗೆ ಕಿವಿ ಕೇಳಲ್ಲ." "ಇವ ಒಬ್ನೇಯ, ತೆಗಿ." ಎಷ್ಟು ಜನರ ಮುಖ ಆ ಮನುಷ್ಯನ ತಲೆಯಲ್ಲಿದ್ದವೋ! ನಡುನಡುವೆ ಬಂದವರೊಂದಿಗೆ ತೆಲುಗಿನಲ್ಲಿ ಮಾತಾಡಿ ಕಳಿಸಿ, ಮತ್ತೆ ಅದೇ ಸಾಲಿಗೆ ಬೆರಳಿಟ್ಟು ಶುರು ಮಾಡುತ್ತಿದ್ದರು. ಮಧ್ಯಾಹ್ನದ ಊಟವಿಲ್ಲ. ನಾಲ್ಕೂವರೆಯಾಯಿತು, ಕೊನೆಯ ಹಾಳೆ ಉಳಿಯಿತು. ನನಗೆ ಐದು ಗಂಟೆಯ ಬಸ್ಸು ತಪ್ಪಬಾರದಿತ್ತು.

"ನೀವು ಹೋಗಿ ಒಂದ್ ತುತ್ತು ಮುದ್ದೆ ಉಣ್ಣಿ ಸಾರ್. ಇದೊಂದು ಹಾಳೆ ನಾನು ನೋಡ್ಕೋತೀನಿ," ಎಂದೆ.

"ಓದ್ತೀಯಾ? ಗಟ್ಟಿಯಾಗಿ?"

"ಓದ್ತೀನಿ."

ಓದಲಿಲ್ಲ. ಮೇಲಿನಿಂದ ಕಣ್ಣಾಡಿಸಿದೆ, ತೆಗೆ, ತೆಗೆ, ತೆಗೆ ಎಂದೇ ಕಂಡಿತು. ಎಲ್ಲ ಬೇರೆ ಬೇರೆ ಜನರೇ ಇರಲಿ ಎಂದು ಹಾಳೆಯ ತುದಿಯಿಂದ ಬುಡದವರೆಗೆ ನೀಲಿ ಪೆನ್ನಿನಲ್ಲಿ ಒಂದು ಉದ್ದ ಗೀಟು ಎಳೆದೆ: ಇದರಲ್ಲಿ ಯಾವುದನ್ನೂ ಹಾಕುವುದು ಬೇಡ. ಸರಿಮಾಡಿದ ಪಟ್ಟಿಯನ್ನು ಚಳ್ಳಕೆರೆಗೆ ಒಯ್ದು ಅಲ್ಲಿನದರ ಮೇಲೆ ಬರೆದೆ. ಶನಿವಾರ ಪಟ್ಟಿ ಹೋಯಿತು.

ಸೋಮವಾರ ಕಾರ್ಯದರ್ಶಿ ಬಾಗಿಲು ಮುಂದೆ ಮಾಡಿ ನನ್ನನ್ನು ಕೂರಿಸಿಕೊಂಡರು. ಅಳಿಸಿದ್ದು, ವಾಪಸ್ ಬಂದದ್ದು ಯಾರ ಕಿವಿಗೂ ಬೀಳಬಾರದು. ಆದರೂ ನಾಳೆ ಯಾರಾದರೂ ಎರಡು ಕಚೇರಿಯ ಪಟ್ಟಿ ಗುರುವಾರ ಯಾಕೆ ತಾಳೆಯಾಗಲಿಲ್ಲ ಎಂದು ಕೇಳಿದರೆ ಹೇಳಲು ಒಂದು ತಲೆ ಬೇಕಲ್ಲ! ನಿವೃತ್ತಿಗೆ ಏಳು ತಿಂಗಳಿದ್ದ ಮನುಷ್ಯನ ತಲೆ ಸಿಕ್ಕಿತು. ಅನುಮತಿಯಿಲ್ಲದೆ ಪಟ್ಟಿಯನ್ನು ಒಂದು ದಿನ ಹಿಂದೆ ಇಟ್ಟುಕೊಂಡದ್ದಕ್ಕೆ ಮೆಮೊ. ಯಾವ ಕೆಲಸದಿಂದ ಅಷ್ಟು ಮನೆ ಉಳಿದವೋ ಆ ಕೆಲಸಕ್ಕೇ ಮೆಮೊ! ನನ್ನಿಂದ ಬರವಣಿಗೆಯಲ್ಲಿ ಎರಡೇ ಪ್ರಶ್ನೆಗೆ ಉತ್ತರ ಕೇಳಿದರು. ಶಾಖೆಯಲ್ಲಿ ತಡವಿತ್ತೇ? ಹೌದು. ಲಿಖಿತ ಆದೇಶವಿತ್ತೇ? ಇಲ್ಲ. ಎರಡೂ ನಿಜ. ಸಹಿ ಮಾಡಿದೆ. ಹೆಸರು ಅಳಿಸಿದ್ದು ಯಾರು ಎಂದು ಅವರು ಕೇಳಲಿಲ್ಲ, ನಾನು ಬರೆಯಲೂ ಇಲ್ಲ. ನನಗಾಗ ಮದುವೆ ಗೊತ್ತಾಗಿತ್ತು, ಕೆಲಸ ಕಾಯಂ ಆಗಿರಲಿಲ್ಲ. ಇದೆಲ್ಲ ಕಾರಣಗಳೇ, ಆದರೆ ನನ್ನ ಹೇಡಿತನಕ್ಕೆ ಇನ್ನೊಂದು ಹೆಸರಿಲ್ಲ.

ಮೆಮೊ ಓದಿ ಅವರು ಅದರ ಕೆಳಗೆ 'ತಲುಪಿದೆ' ಎಂದು ಬರೆದು, ಸಹಿ ಮಾಡಿ, ಊದಿ, ವಾಪಸ್ ಕಳಿಸಿದರು. ನನ್ನ ಹೇಳಿಕೆಯ ಪ್ರತಿಯೂ ಅವರಿಗೆ ಹೋಗಿತ್ತು. ಮುಂದಿನ ಸಲ ಸಿಕ್ಕಾಗ ಇಷ್ಟೇ ಕೇಳಿದರು: "ಸುಳ್ಳೇನ್ ಬರ್ದಿಲ್ಲ ಬಿಡು. ಅವ್ರು ಕೇಳ್ದೇ ಇದ್ದಿದ್ದು ಒಂದ್ ಸಾಲು ಬರೀಬೋದಿತ್ತಾ?" ಅವರೇ ಮಾತು ಬದಲಿಸಿ, ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿದರೆ ಮಂಡಿ ನೋಯುತ್ತದೆ ಎಂದೇನೋ ಹೇಳಿದರು.

ತಡ ತೆಗೆದುಹಾಕಿ ಎಂದು ಆದೇಶವಾಯಿತು. ಅದನ್ನು ತೆಗೆಯಲು ನಾನೇ ಮೊಳಕಾಲ್ಮೂರಿಗೆ ಹೋಗಬೇಕಾಯಿತು. ಮನೆ ಸಿಕ್ಕವರ ಪಟ್ಟಿ ಗೋಡೆಗೆ ಅಂಟಿಸಿದ್ದೂ ಅದೇ ದಿನ. ಹೊರಗೆ ಜನ ಬೆರಳಿಟ್ಟು ಹೆಸರು ಹುಡುಕುತ್ತಿದ್ದರು, ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ನಾನು ಒಳಗೆ ಕಂಪ್ಯೂಟರಿನ ಮುಂದೆ ಕೂತಿದ್ದೆ.

ಬಾಗಿಲು ದೂಡಿಕೊಂಡು ಒಬ್ಬ ಬಂದ. ನಲವತ್ತರ ಆಸುಪಾಸು, ಬೆರಳುಗಳಲ್ಲಿ ರೇಷ್ಮೆಯ ಬಣ್ಣ ಕೂತಿತ್ತು. "ಎಲ್ರೀ ನಾಳೆಪ್ಪಾ? ನನ್ ಹೆಸ್ರು ಎಲ್ಲಿ? ಬೋರಯ್ಯ ಬಿನ್ ಬೋರಯ್ಯ. ಪಟ್ಟಿ ಹೋಗೋಕ್ ಮುಂಚಿನ ಗುರುವಾರ ಸಂಜಿಕೆ ಚಳ್ಳಕೆರೆಗೆ ಹೋಗಿ ಬರೆಸಿ ಬಂದೀನಿ. ಆಯ್ತು ಹೋಗು ಅಂದ್ರಲ್ಲ!"

ಆಯ್ತು ಹೋಗು ಎಂದವನು ನಾನು. ಅವನಿಗೆ ನನ್ನ ಮುಖ ನೆನಪಿರಲಿಲ್ಲ, ಅವನ ಮುಖ ನನಗೂ.

ಅವರು ಬೀರು ತೆಗೆದು ಗುರುವಾರದ ಹಾಳೆಗಳನ್ನು ತಂದರು. ಕೆಂಪು ಟಿಕ್ಕಿನ ಹಾಳೆಗಳನ್ನು ದಾಟಿ ಕೊನೆಯ ಹಾಳೆಗೆ ಬಂದರು. ನನ್ನ ನೀಲಿ ಗೀಟಿನ ಕೆಳತುದಿಯಲ್ಲಿ, ತೆಗೆ ತೆಗೆ ಎಂಬ ಸಾಲುಗಳೆಲ್ಲ ಮುಗಿದ ಮೇಲೆ, ಒಂದೇ ಒಂದು ಸಾಲು: 'ಸೇರಿಸು'. ಅವರ ಬೆರಳು ಅಲ್ಲಿ ನಿಂತಿತು. ಕನ್ನಡಕದ ಮೇಲಿನಿಂದ ಒಮ್ಮೆ ನನ್ನನ್ನು ನೋಡಿದರು. ಹಾಳೆಯನ್ನು ನಾಲ್ಕಾಗಿ ಮಡಿಚಿ ಜೇಬಿಗೆ ಹಾಕಿಕೊಂಡರು.

"ನನ್ ಕೈಲಿ ತಪ್ಪಾಗೈತಪ್ಪ ಬೋರಯ್ಯ," ಎಂದರು.

ಆಗಲೇ ಎದ್ದು ನಿಂತು, ಅಲ್ಲ, ಅದು ನನ್ನ ಗೀಟು ಎನ್ನಬೇಕಿತ್ತು. ಎಷ್ಟು ವರ್ಷವಾದರೂ ಆ ಒಂದು ನಿಮಿಷ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ. ಅವರ ಮೇಲೂ ಸಿಟ್ಟು ಬರುತ್ತದೆ. ಯಾರು ಕೇಳಿದ್ದರು ಆ ಒಳ್ಳೆಯತನವನ್ನು? ಬೈದಿದ್ದರೆ, ಕೈ ತೋರಿಸಿದ್ದರೆ, ನಾನು ಅಂದೇ ಒಪ್ಪಿಕೊಂಡು ಹಗುರಾಗುತ್ತಿದ್ದೆ.

ಬೋರಯ್ಯ ಬಾಯಿಗೆ ಬಂದಂತೆ ಬೈದ. ಕನ್ನಡ ಮುಗಿದ ಮೇಲೆ ತೆಲುಗಿನಲ್ಲಿ ಬೈದ. ನಾಳೆ ನಾಳೆ ಎಂದು ನನ್ನ ಮನೆ ಹಾಳು ಮಾಡಿದೆ, ನಿನ್ನ ಕೈ ಸೇದಿಹೋಗ ಎಂದ. ಹೊರಗಿನ ಜನ ಬಾಗಿಲಲ್ಲಿ ನೆರೆದರು. ಆ ಮನುಷ್ಯ ಉಳಿಸಿದ ಇನ್ನೂರು ಜನರಲ್ಲಿ ಎಷ್ಟೋ ಜನ ಅಲ್ಲಿದ್ದರು, ಯಾರಿಗೂ ಏನೂ ಗೊತ್ತಿರಲಿಲ್ಲ. ಮೇಲ್ವಿಚಾರಕರು ಕೈಕಟ್ಟಿ ನಿಂತು ಎಲ್ಲ ಕೇಳಿಸಿಕೊಂಡರು. ಬೋರಯ್ಯನ ದನಿ ಒಡೆದು ಕೆಮ್ಮು ಬಂದಾಗ ನನ್ನ ಕಡೆ ತಿರುಗಿ, "ತಿಪ್ಪೇಶಿ, ಅವ್ರಿಗೊಂದ್ ಲೋಟ ನೀರ್ ಕೊಡು," ಎಂದರು.

ತಂದುಕೊಟ್ಟೆ. ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ಲೋಟ ನನ್ನ ಕೈಗಿಟ್ಟು ಬೋರಯ್ಯ ಹೇಳಿದ: "ನೀನಾದ್ರೂ ಒಳ್ಳೇನ್ ಕಣಪ್ಪ. ನಿನ್ನಂಥೋರು ಇರ್ಬೇಕಿತ್ತು ಈ ಕುರ್ಚಿ ಮ್ಯಾಲೆ."

ನಾನು ಹೂಂ ಎಂದೆ.